ಮೊದಲ ಮುದ್ರಣ, ಲೇಖಕರ ರುಜು



ತಮ್ಮ ಮನೆಯ ಕಪಾಟಿನಿಂದ ಯಾವುದಾದರೊಂದು ಹಳೆಯ ಕನ್ನಡ ಕಾದಂಬರಿಯನ್ನು ಕೈಗೆತ್ತಿಕೊಳ್ಳಿರಿ. ಶೀರ್ಷಿಕೆಯ ಹಾಳೆಯನ್ನು ತಿರುವಿದರೆ ಅದರ ಬೆನ್ನಿಗೆ ಸಣ್ಣ ಅಕ್ಷರಗಳಲ್ಲಿ ಕೆಲವು ಸಾಲುಗಳಿರುತ್ತವೆ. ಮೊದಲ ಮುದ್ರಣವಾದ ವರ್ಷ, ಅಚ್ಚಾದ ಪ್ರತಿಗಳ ಸಂಖ್ಯೆ, ಬೆಲೆ, ಹಕ್ಕುಗಳು ಯಾರವು, ಯಾವ ಊರಿನ ಯಾವ ಮುದ್ರಣಾಲಯ ಎಂಬ ವಿವರಗಳು ಅಲ್ಲಿವೆ. ಕಥೆಯ ಆತುರದಲ್ಲಿರುವ ಓದುಗರು ಈ ಪುಟವನ್ನು ಗಮನಿಸುವುದಿಲ್ಲ. ಗಮನಿಸಬೇಕಾದ ಅಗತ್ಯವೂ ಅವರಿಗಿಲ್ಲ. ಆದರೆ ಪುಸ್ತಕವನ್ನು ಅಲ್ಲಿಂದಲೇ ಓದಲು ಆರಂಭಿಸುವ ಒಂದು ಜಾತಿಯ ಜನರಿದ್ದಾರೆ. 'ಮೊದಲ ಮುದ್ರಣ' ಎಂಬ ಸಾಲಿನ ಕೆಳಗೆ ಎರಡನೆಯ ಮುದ್ರಣದ ಸಾಲು ಇಲ್ಲದಿದ್ದರೆ ಅವರ ಮುಖ ಅರಳುತ್ತದೆ. ಮುಂದಿನ ಖಾಲಿ ಹಾಳೆಯಲ್ಲಿ ಲೇಖಕರ ಸ್ವಹಸ್ತದ ರುಜುವೂ ಇದ್ದರಂತೂ ಅಂದಿನ ಊಟಕ್ಕೆ ಬೇರೆ ರುಚಿ ಬೇಕಾಗುವುದಿಲ್ಲ. ನಾನು ಆ ಜಾತಿಗೆ ಸೇರಿದವನು.

ವೃತ್ತಿಯಿಂದ ನಾನು ಪ್ರೌಢಶಾಲೆಯ ಕನ್ನಡ ಶಿಕ್ಷಕ. 1976ರಲ್ಲಿ ಹಿರೇಕೆರೂರಿನಲ್ಲಿ ಸೇವೆಗೆ ಸೇರಿ, ಶಿಗ್ಗಾವಿ ಮತ್ತು ಸವಣೂರುಗಳ ನೀರು ಕುಡಿದು, 2010ರಲ್ಲಿ ಹಾನಗಲ್ಲಿನಲ್ಲಿ ನಿವೃತ್ತನಾದೆ. ನಾನು ಕೆಲಸಕ್ಕೆ ಸೇರಿದಾಗ ಈ ನಾಲ್ಕೂ ತಾಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು; ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಪ್ರತಿ ವರ್ಗಾವಣೆಯಲ್ಲಿಯೂ ನಮ್ಮ ಸಂಸಾರದ ಪಾತ್ರೆ ಪಡಗಗಳಿಗಿಂತ ಪುಸ್ತಕದ ಗಂಟುಗಳೇ ಭಾರವಾಗಿರುತ್ತಿದ್ದವು. ಹಮಾಲರು ಹೊರುವ ಮುನ್ನ ಗಂಟನ್ನು ಒದ್ದು ನೋಡಿ, "ಇದರಾಗ ಏನ್ ಕಲ್ಲ ತುಂಬೀರೇನ್ರಿ ಮಾಸ್ತರ?" ಎಂದು ಕೇಳುತ್ತಿದ್ದರು. ನನ್ನ ಮಡದಿ ಉತ್ತರ ಕೊಡುತ್ತಿರಲಿಲ್ಲ. ಆಕೆಯ ಮೌನದಲ್ಲಿ ಹಮಾಲರ ಪಕ್ಷವೇ ಪ್ರಬಲವಾಗಿತ್ತೆಂದು ನನ್ನ ಗುಮಾನಿ.

ಈ ಹವ್ಯಾಸಕ್ಕೆ ಜಗತ್ತಿನ ಬೇರೆಡೆ ಒಂದು ದೊಡ್ಡ ಶಾಸ್ತ್ರವೇ ಇದೆ ಎಂಬುದು ನನಗೆ ತಿಳಿದದ್ದು ನನ್ನ ಅಕ್ಕನ ಮಗನಿಂದ. ಅವನು ಅಮೆರಿಕೆಯಲ್ಲಿ ಇಂಜಿನಿಯರ್. ಅಲ್ಲಿನ ಆಧುನಿಕ ಕಾದಂಬರಿಗಳ ಮೊದಲ ಮುದ್ರಣಗಳನ್ನು, ಅವುಗಳಲ್ಲಿಯೂ ಲೇಖಕರ ರುಜು ಇರುವ ಪ್ರತಿಗಳನ್ನು ಮಾತ್ರ ಕೊಳ್ಳುತ್ತಾನೆ. ಟೋನಿ ಮಾರಿಸನ್ ಅವರು 1987ರಲ್ಲಿ ಪ್ರಕಟಿಸಿದ 'ಬಿಲವೆಡ್' ಕಾದಂಬರಿಯ ಅಂಥದೊಂದು ಪ್ರತಿ ಅವನ ಬಳಿ ಇದೆ. ರಜೆಗೆ ಬಂದಾಗ ನನ್ನ ಕೋಣೆಯ ನಡುವೆ ನಿಂತು, "ಮಾಮಾ, ನಿಮ್ಮ ಹುಚ್ಚ ನನಗೂ ಹತ್ತೇತಿ ನೋಡ್ರಿ" ಎಂದು ನಕ್ಕವನು, ರಾತ್ರಿ ಎರಡು ಗಂಟೆಯವರೆಗೆ ಅಲ್ಲಿನ ಪದ್ಧತಿಗಳನ್ನು ವಿವರಿಸಿದ.

ಅಲ್ಲಿ ಅನೇಕ ಪ್ರಕಾಶಕರು ಹಕ್ಕುಗಳ ಪುಟದಲ್ಲಿ ಒಂದರಿಂದ ಹತ್ತರವರೆಗಿನ ಅಂಕಿಗಳನ್ನು ಸಾಲಾಗಿ ಅಚ್ಚು ಹಾಕುತ್ತಾರಂತೆ. ಮರುಮುದ್ರಣವಾದಾಗಲೆಲ್ಲ ಅತಿ ಚಿಕ್ಕ ಅಂಕಿಯನ್ನು ತೆಗೆದುಹಾಕುತ್ತಾರೆ. ಸಾಲಿನಲ್ಲಿ 1 ಉಳಿದಿದ್ದರೆ ಅದು ಮೊದಲ ಮುದ್ರಣ. ಇದಕ್ಕೂ ಅಪವಾದಗಳಿವೆ. ರ‍್ಯಾಂಡಮ್ ಹೌಸ್ ಎಂಬ ಪ್ರಸಿದ್ಧ ಸಂಸ್ಥೆ ಬಹುಕಾಲ ತನ್ನ ಮೊದಲ ಮುದ್ರಣದಲ್ಲಿಯೂ ಸಾಲನ್ನು 2ರಿಂದಲೇ ಆರಂಭಿಸಿ, ಜೊತೆಗೆ 'ಮೊದಲ ಆವೃತ್ತಿ' ಎಂಬ ಮಾತನ್ನು ಸೇರಿಸುತ್ತಿತ್ತು. ಇನ್ನು ಪುಸ್ತಕ ಸಂಘಗಳು ತಮ್ಮ ಸದಸ್ಯರಿಗಾಗಿ ಅಚ್ಚು ಹಾಕಿಸಿದ ಅಗ್ಗದ ಪ್ರತಿಗಳು ಹೊರನೋಟಕ್ಕೆ ಮೊದಲ ಮುದ್ರಣದಂತೆಯೇ ಕಾಣುತ್ತವೆ. ರಕ್ಷಾಪುಟದ ಒಳಮಡಿಕೆಯಲ್ಲಿ ಬೆಲೆ ಇಲ್ಲದಿರುವುದೇ ಅವುಗಳ ಸಾಮಾನ್ಯ ಗುರುತು. ಆ ರಕ್ಷಾಪುಟದ ಮಹಿಮೆಯನ್ನು ಕೇಳಿ ನಾನು ಬೆರಗಾದೆ. ಫಿಟ್ಸ್‌ಜೆರಾಲ್ಡ್ ಅವರ 'ದಿ ಗ್ರೇಟ್ ಗ್ಯಾಟ್ಸ್‌ಬಿ' 1925ರಲ್ಲಿ ಪ್ರಕಟವಾಯಿತು. ಅದರ ಮೊದಲ ಮುದ್ರಣದ ಪ್ರತಿಗೆ ಹೊದಿಕೆ ಇಲ್ಲದಿದ್ದರೆ ಕೆಲವು ಸಾವಿರ ಡಾಲರು. ಒಳ್ಳೆಯ ಸ್ಥಿತಿಯ ಹೊದಿಕೆಯಿದ್ದರೆ ಹರಾಜಿನಲ್ಲಿ ಒಂದು ಲಕ್ಷ ಡಾಲರಿಗೂ ಮಿಕ್ಕಿದ ಬೆಲೆ. ಆ ಮುದ್ರಣವನ್ನು ಗುರುತಿಸಲು 205ನೆಯ ಪುಟದಲ್ಲಿರುವ ಒಂದು ಅಚ್ಚಿನ ತಪ್ಪನ್ನು ನೋಡುತ್ತಾರೆ. ಮೂವತ್ತನಾಲ್ಕು ವರ್ಷ ಮಕ್ಕಳ ಉತ್ತರಪತ್ರಿಕೆಗಳಲ್ಲಿ ತಪ್ಪಿಗೆ ಅಂಕ ಕಳೆದ ನನಗೆ, ತಪ್ಪಿದ್ದರೆ ಬೆಲೆ ಏರುವ ಈ ಲೋಕ ವಿಚಿತ್ರವಾಗಿ ತೋರಿತು.

ರುಜುವಿನ ವಿಷಯ ಇದಕ್ಕಿಂತಲೂ ಸ್ವಾರಸ್ಯಕರವಾದದ್ದು. ಜಾನ್ ಅಪ್‌ಡೈಕ್ ಕೇಳಿದವರಿಗೆಲ್ಲ ಧಾರಾಳವಾಗಿ ರುಜು ಹಾಕಿದವರು. ಆದ್ದರಿಂದ ಅವರ ಸಹಿಯುಳ್ಳ ಪ್ರತಿಗಳು ಸುಲಭವಾಗಿ ದೊರಕುತ್ತವೆ. ಜನರಿಂದ ದೂರ ಸರಿದು ಬದುಕಿದ ಸ್ಯಾಲಿಂಜರ್ ಅವರ ಸಹಿ ಅತಿ ದುರ್ಲಭ. ಆದ್ದರಿಂದ ಅದಕ್ಕೆ ಚಿನ್ನದ ಬೆಲೆ. ಇದು ನನಗೆ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಇನ್ನೊಂದು. ಅಲ್ಲಿನ ಸಂಗ್ರಾಹಕರಲ್ಲಿ ಅನೇಕರು ಲೇಖಕರ ಬರಿಯ ರುಜುವನ್ನೇ ಬಯಸುತ್ತಾರಂತೆ. 'ಇಂಥವರಿಗೆ ಪ್ರೀತಿಯಿಂದ' ಎಂದು ಲೇಖಕರು ಯಾರೋ ಅಜ್ಞಾತ ಓದುಗರ ಹೆಸರನ್ನು ಬರೆದಿದ್ದರೆ ಎಷ್ಟೋ ಸಲ ಬೆಲೆ ಇಳಿಯುತ್ತದೆ. ಆ ಹೆಸರು ಇನ್ನೊಬ್ಬ ಪ್ರಸಿದ್ಧರದೋ ಲೇಖಕರ ಆಪ್ತರದೋ ಆಗಿದ್ದರೆ ಮಾತ್ರ ಏರುತ್ತದೆ. ಅಂದರೆ, ಮಧ್ಯದಲ್ಲಿ ಬಂದುಹೋದ ಸಾಮಾನ್ಯ ಮನುಷ್ಯನ ಹೆಸರು ಪುಸ್ತಕಕ್ಕೆ ಹತ್ತಿದ ಒಂದು ಕಲೆ.

ನಮ್ಮ ಕಡೆ ಯಾವುದೇ ಲೇಖಕರ ಮುಂದೆ ಪುಸ್ತಕ ಹಿಡಿದು ನಿಲ್ಲಿರಿ. ಪೆನ್ನಿನ ಮುಚ್ಚಳ ತೆಗೆಯುತ್ತಲೇ ಅವರು ಕೇಳುವ ಮೊದಲ ಪ್ರಶ್ನೆ, "ನಿಮ್ಮ ಹೆಸರೇನ್ರಿ?" ಎರಡನೆಯದು, "ಯಾವ ಊರು?" ಆಮೇಲೆ 'ಆದರಪೂರ್ವಕ' ಎಂದೋ 'ಸಪ್ರೇಮ' ಎಂದೋ 'ವಿಶ್ವಾಸದಿಂದ' ಎಂದೋ ಬರೆದು, ಊರು, ತಾರೀಖುಗಳನ್ನು ನಮೂದಿಸಿ, ಕೊನೆಗೆ ರುಜು. ನನ್ನಲ್ಲಿರುವ ಲೇಖಕರ ಹಸ್ತಾಕ್ಷರದ ನಲವತ್ತಕ್ಕೂ ಮಿಕ್ಕಿದ ಪ್ರತಿಗಳಲ್ಲಿ ಬರಿಯ ಸಹಿ ಇರುವವು ಮೂರೋ ನಾಲ್ಕೋ ಮಾತ್ರ. ಉಳಿದೆಲ್ಲವೂ ಯಾರಿಗೋ ಕೊಟ್ಟವು. ಅಳಿಯನ ಶಾಸ್ತ್ರದ ಪ್ರಕಾರ ನನ್ನ ಸಂಗ್ರಹ ಕಲೆ ಹತ್ತಿದ ಪುಸ್ತಕಗಳ ರಾಶಿ.

ಇನ್ನು ಮೊದಲ ಮುದ್ರಣವೆಂಬ ಪ್ರತಿಷ್ಠೆಯ ವಿಷಯ. ಸಾವಿರ ಪ್ರತಿ ಅಚ್ಚು ಹಾಕಿ, ಅವು ಖರ್ಚಾಗಲು ಹತ್ತು ವರ್ಷ ಕಾಯುವ ಭಾಷೆಯಲ್ಲಿ ಮೊದಲ ಮುದ್ರಣವೇ ಬಹಳಷ್ಟು ಸಲ ಕೊನೆಯ ಮುದ್ರಣವೂ ಆಗಿರುತ್ತದೆ. ಹಾವೇರಿ ಸೀಮೆಯ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942), ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರಿಂದೂರಿಗೆ ಮಾರುತ್ತ ನಡೆದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬರೆದವರೇ ಮನೆ ಬಾಗಿಲಿಗೆ ಬಂದು ಪುಸ್ತಕವನ್ನು ಕೈಗೆ ಕೊಡುತ್ತಿದ್ದ ಕಾಲದಲ್ಲಿ ರುಜುವಿಗಾಗಿ ಬೇರೆ ಸಾಲು ಹಚ್ಚಬೇಕಾಗಿರಲಿಲ್ಲ.

ಮುಂದೆ ಆ ಕೆಲಸವನ್ನು ಅಂಚೆಯವನು ಮಾಡಿದ. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಧಾರವಾಡದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಡೆದ ಸಂಸ್ಥೆ. ಸುಭಾಸ ರಸ್ತೆಯ ಅದರ ಅಟ್ಟದ ಮೇಲೆ ಕುಳಿತು ಹರಟಿದ ಸಾಹಿತಿಗಳ ಪಟ್ಟಿಯನ್ನು ಬರೆದರೆ ಅದೇ ಒಂದು ಸಾಹಿತ್ಯ ಚರಿತ್ರೆಯಾದೀತು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ, ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಅಲ್ಲಿಂದಲೇ ಹೊರಬಂದವು. ನಮ್ಮ ತಾಲೂಕುಗಳ ವೈದ್ಯರು, ವಕೀಲರು, ಮಾಸ್ತರರು ವರ್ಷದ ಚಂದಾ ಕಟ್ಟಿ ಇಂಥ ಪುಸ್ತಕಗಳನ್ನು ತರಿಸುತ್ತಿದ್ದರು. ಪೇಟೆಯ ವಿಮರ್ಶಕರು ಅದು ಮಹತ್ವದ ಕೃತಿಯೆಂದು ತೀರ್ಮಾನಿಸುವ ಮೊದಲೇ ಹಾನಗಲ್ಲಿನ ಯಾವುದೋ ಪಡಸಾಲೆಯಲ್ಲಿ ಮೊದಲ ಮುದ್ರಣ ಬಂದು ಕುಳಿತಿರುತ್ತಿತ್ತು. ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಎ. ಕೆ. ರಾಮಾನುಜನ್ ಅವರು ಮಾಡಿದ 'ಸಂಸ್ಕಾರ'ದ ಇಂಗ್ಲಿಷ್ ಅನುವಾದ 1976ರಲ್ಲಿ ಪುಸ್ತಕವಾಗಿ ಬಂದಿತು. ಅಳಿಯನಿಗೆ ಅನುವಾದಕರ ರುಜುವುಳ್ಳ ಆ ಪ್ರತಿ ಬೇಕಾಗಿದೆ, ಇನ್ನೂ ಸಿಕ್ಕಿಲ್ಲ. ರಾಮಾನುಜನ್ 1993ರಲ್ಲಿ ತೀರಿಕೊಂಡರು, ಅನಂತಮೂರ್ತಿಯವರು 2014ರಲ್ಲಿ. ರುಜು ಹಾಕುವ ಕೈ ನಿಂತ ಮೇಲೆ ಪ್ರತಿಗಳ ಲೆಕ್ಕ ಮುಂದೆ ಬೆಳೆಯದು. ಸಂಗ್ರಾಹಕರ ಮನಸ್ಸಿನಲ್ಲಿ ಈ ಸ್ವಲ್ಪ ಅಶುಭವಾದ ಗಣಿತ ಸದಾ ನಡೆದಿರುತ್ತದೆ.

ಜ್ಞಾನಪೀಠ ಪುರಸ್ಕೃತರಾದ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಜನಿಸಿದ್ದು ಸವಣೂರಿನಲ್ಲಿ. ಆ ಊರಿನಲ್ಲಿ ನೌಕರಿ ಮಾಡುವಾಗ ಅವರ ಹಳೆಯ ಪುಸ್ತಕಗಳು ಅಲ್ಲಿಯೇ ಸಿಕ್ಕಾವೆಂದು ಆಸೆಪಟ್ಟು ಬಹಳ ಅಲೆದೆ. ಎಲೆಬಳ್ಳಿಯ ತೋಟಗಳು, ನವಾಬರ ಕಾಲದ ಕಟ್ಟಡಗಳು, ಹತ್ತು ಜನ ಕೈಹಿಡಿದರೂ ಅಪ್ಪಲಾಗದ ದೊಡ್ಡ ಹುಣಸೆಮರಗಳು ಎಲ್ಲವನ್ನೂ ನೋಡಿದೆ. ಗೋಕಾಕರ ಮೊದಲ ಮುದ್ರಣಗಳನ್ನು ಕೊನೆಗೆ ಕೊಂಡದ್ದು ಧಾರವಾಡದ ಹಳೆಯ ಪುಸ್ತಕದ ಅಂಗಡಿಯಲ್ಲಿ.

ಈ ಸೀಮೆಯ ಹಿರಿಯ ಕವಿಗಳ ಮುಂದೆ ನನ್ನ ಹವ್ಯಾಸ ನಡೆಯುವುದೇ ಇಲ್ಲ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರಿಗೆ, ಅದೇ ತಾಲೂಕಿನ ಶಿಶುವಿನಹಾಳದ ಶರೀಫ ಸಾಹೇಬರಿಗೆ ಮೊದಲ ಮುದ್ರಣ ಎಲ್ಲಿಂದ ಬರಬೇಕು? ಆದರೆ ಅವರು ರುಜು ಹಾಕದೆ ಬಿಟ್ಟವರಲ್ಲ. ಕನಕದಾಸರ ಕೀರ್ತನೆಯ ಕೊನೆಗೆ ಕಾಗಿನೆಲೆಯ ಆದಿಕೇಶವ, ಶರೀಫರ ಹಾಡಿನ ಕೊನೆಗೆ ಶಿಶುನಾಳಧೀಶ. ಇದಕ್ಕೆ ನಾವು ಅಂಕಿತವೆನ್ನುತ್ತೇವೆ. ವಿಶೇಷವೆಂದರೆ ಆ ಅಂಕಿತದಲ್ಲಿರುವುದು ಬರೆದವರ ಹೆಸರಲ್ಲ, ಅವರು ಯಾರಿಗೆ ಅರ್ಪಿಸಿದರೋ ಆತನ ಹೆಸರು. ಶಿಗ್ಗಾವಿಯಲ್ಲಿದ್ದಾಗ ಭಜನೆಯ ಮೇಳದ ಮುದುಕರೊಬ್ಬರು ಹಾಡು ಮುಗಿಸುವಾಗ ಅಂಕಿತ ಬಂದೊಡನೆ ದನಿ ತಗ್ಗಿಸುತ್ತಿದ್ದುದನ್ನು ನಾನು ಅನೇಕ ಸಂಜೆ ಕೇಳಿದ್ದೇನೆ. ಆ ಪ್ರತಿಯನ್ನು ಯಾರೂ ಕೊಳ್ಳಲಾಗದು.

ಹಿರೇಕೆರೂರು ಸೀಮೆಯ ಸರ್ವಜ್ಞನ ಮಾತು ಸ್ವಲ್ಪ ಭಿನ್ನ. ಅಬಲೂರು, ಮಾಸೂರುಗಳ ಜನ ಅವನನ್ನು ತಮ್ಮವನೆಂದು ಹೆಮ್ಮೆಪಡುತ್ತಾರೆ. ಅವನ ತ್ರಿಪದಿಗಳು ಶತಮಾನಗಳ ಕಾಲ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಹರಿದಾಡಿದವು. ಅವುಗಳನ್ನು ಊರೂರು ತಿರುಗಿ ಹುಡುಕಿ, ಒಂದರೊಡನೊಂದನ್ನು ಹೋಲಿಸಿ, 1924ರಲ್ಲಿ ಪುಸ್ತಕರೂಪಕ್ಕೆ ತಂದವರು ನಮ್ಮವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881-1962). ಬಾಸೆಲ್ ಮಿಶನ್ನಿನ ಸಭಾಪಾಲಕರೊಬ್ಬರು ಈ ಕಾರ್ಯಕ್ಕೆ ತಮ್ಮ ಆಯುಷ್ಯದ ಬಹು ಭಾಗವನ್ನು ಕೊಟ್ಟರು. ಕನ್ನಡ ನಾಡು ಅವರನ್ನು 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಗೌರವಿಸಿತು. ತಮ್ಮನ್ನು ಅವರು ಕರೆದುಕೊಂಡದ್ದು ತಿರುಳ್ಗನ್ನಡದ ತಿರುಕನೆಂದು. ಹಿರೇಕೆರೂರಿನಲ್ಲಿ ನೌಕರಿಗೆ ಸೇರಿದ ವರ್ಷವೇ ನಾನು ಆ 1924ರ ಮುದ್ರಣಕ್ಕಾಗಿ ಹುಡುಕಾಟ ಆರಂಭಿಸಿದೆ. ನನ್ನಲ್ಲಿರುವುದು ಮರುಮುದ್ರಣ ಮಾತ್ರ. ಪಾಠ ಮಾಡಲು ಅದು ಸಾಕು. ಸಂಗ್ರಾಹಕನಿಗೆ ಸಾಲದು.

ಪುಸ್ತಕಗಳು ಎಲ್ಲಿ ಹೋಗುತ್ತವೆ ಎಂದು ತಾವು ಕೇಳಬಹುದು. ಸವಣೂರಿನ ಒಣ ಹವೆಯಲ್ಲಿ ಗೆದ್ದಲು, ಹಾನಗಲ್ಲಿನ ಮಲೆನಾಡಿನ ಸೆರಗಿನ ಮಳೆಯಲ್ಲಿ ಬೂಷ್ಟು. ನುಸಿಗುಳಿಗೆ, ಬೇವಿನೆಲೆ, ವರ್ಷಕ್ಕೆರಡು ಸಲ ಬಿಸಿಲು, ಇವು ನನ್ನ ಔಷಧಗಳು. ಸಾರ್ವಜನಿಕ ಗ್ರಂಥಾಲಯಕ್ಕೆ ಸೇರಿದ ಪ್ರತಿಗಳಿಗೆ ಬೇರೊಂದು ಗತಿ. ಅಂದದ ಮುಖಪುಟವನ್ನು ಕಿತ್ತು, ದಪ್ಪ ರಟ್ಟು ಕಟ್ಟಿ, ಬೆನ್ನಿಗೆ ಬಟ್ಟೆ ಅಂಟಿಸುತ್ತಾರೆ. ಗ್ಯಾಟ್ಸ್‌ಬಿಯ ಹೊದಿಕೆಗೆ ಲಕ್ಷ ಡಾಲರೆಂದು ನಮ್ಮ ಬೈಂಡಿಂಗಿನವರಿಗೆ ಯಾರಾದರೂ ಹೇಳಬೇಕು. ಆದರೂ ನಾನು ಅವರನ್ನು ದೂರಲಾರೆ. ನೂರು ಕೈಗಳಲ್ಲಿ ಉಳಿಯಬೇಕಾದ ಪುಸ್ತಕಕ್ಕೆ ರಟ್ಟೇ ಬೇಕು.

ಆದರೆ ಹೆಚ್ಚಿನ ಪುಸ್ತಕಗಳು ಹೋಗುವುದು ರದ್ದಿಗೆ. ಓದುವವರು ತೀರಿಕೊಂಡ ಆರು ತಿಂಗಳೊಳಗೆ ತಕ್ಕಡಿ ಬರುತ್ತದೆ. ಸವಣೂರಿನಲ್ಲಿದ್ದಾಗ ಕೈಗಾಡಿಯ ರದ್ದಿಯವನೊಬ್ಬನೊಡನೆ ನಾನು ಕರಾರು ಮಾಡಿಕೊಂಡಿದ್ದೆ. ಕನ್ನಡ ಪುಸ್ತಕದ ಗಂಟು ಸಿಕ್ಕರೆ ಹುಬ್ಬಳ್ಳಿಗೆ ಕಳಿಸುವ ಮುನ್ನ ನನಗೆ ತೋರಿಸಬೇಕು. ಕಿಲೋದ ಮೇಲೆ ನಾನು ಎರಡು ರೂಪಾಯಿ ಹೆಚ್ಚು ಕೊಡಬೇಕು. 1994ರ ಒಂದು ಬೇಸಿಗೆಯಲ್ಲಿ ಅವನು ತಂದ ಗಂಟಿನಲ್ಲಿ ಒಂದು ಕಾದಂಬರಿ ಇತ್ತು. 1957ರ ಮೊದಲ ಮುದ್ರಣ. ಪುಸ್ತಕದ ಹೆಸರನ್ನೂ ಲೇಖಕರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಒಂದು ಮನೆತನದ ಗುರುತು ಬಯಲಾಗುತ್ತದೆ. ಲೇಖಕರು ಮುಂದೆ ಬಹು ದೊಡ್ಡ ಹೆಸರು ಗಳಿಸಿದವರೆಂದಷ್ಟೇ ತಿಳಿದರೆ ಸಾಕು. ಒಳಹಾಳೆಯಲ್ಲಿ ಅವರು ಸವಣೂರು ತಾಲೂಕಿನ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರರ ಹೆಸರು ಬರೆದು, ಇದು ಅಚ್ಚಿನಿಂದ ಬಂದ ಮೊದಲ ಪ್ರತಿಯೆಂದೂ, ಆ ಗೆಳೆಯನಿಲ್ಲದಿದ್ದರೆ ಈ ಕೃತಿ ಮುಗಿಯುತ್ತಿರಲಿಲ್ಲವೆಂದೂ ದುಂಡಗಿನ ಅಕ್ಷರಗಳಲ್ಲಿ ಬರೆದು ರುಜು ಮಾಡಿದ್ದರು. ಫೋನಿನಲ್ಲಿ ಇದನ್ನು ಕೇಳಿದ ಅಳಿಯ ಅಲ್ಲಿಂದಲೇ ಕೂಗಿದ: "ಮಾಮಾ, ಅದು ನಿಮ್ಮ ಎಲ್ಲಾ ಪುಸ್ತಕದ ರಾಜಾ!" ಕೊನೆಯ ಖಾಲಿ ಹಾಳೆಯಲ್ಲಿ ಮಾಸ್ತರರು ಪೆನ್ಸಿಲಿನಿಂದ ಏನೇನೋ ಮನೆಯ ಲೆಕ್ಕ ಬರೆದಿದ್ದಾರೆಂದಾಗ, ಅದನ್ನು ಮೆತ್ತಗಿನ ರಬ್ಬರಿನಿಂದ ಅಳಿಸಿದರೆ ಪ್ರತಿಯ ಸ್ಥಿತಿ ಸುಧಾರಿಸುವುದೆಂದು ಸಲಹೆಯನ್ನೂ ಕೊಟ್ಟ. ನಾನು ಅಳಿಸಲಿಲ್ಲ. ಮಾಸ್ತರರ ಕೈಬರಹವನ್ನು ಇನ್ನೊಬ್ಬ ಮಾಸ್ತರ ಅಳಿಸುವುದು ಸರಿಯೆನಿಸಲಿಲ್ಲ, ಅಷ್ಟೇ.

2018ರ ರಾಜ್ಯೋತ್ಸವದ ದಿನ ಹಾನಗಲ್ಲಿನ ಶಾಲೆಯೊಂದರಲ್ಲಿ ನನ್ನ ಕೆಲವು ಪುಸ್ತಕಗಳನ್ನು ಬೆಂಚಿನ ಮೇಲೆ ಜೋಡಿಸಿ ಮಕ್ಕಳಿಗೆ ತೋರಿಸಿದೆವು. ಯಾರೋ ಆ ಹಾಳೆಯ ಚಿತ್ರ ತೆಗೆದು ವಾಟ್ಸಾಪಿನಲ್ಲಿ ಹಾಕಿದರು. ಹದಿನೈದು ದಿನಗಳೊಳಗೆ ಆ ಮಾಸ್ತರರ ಮೊಮ್ಮಗ ಪುಣೆಯಿಂದ ಕಾರಿನಲ್ಲಿ ಬಂದಿಳಿದ. ಸಭ್ಯ ಹುಡುಗ. ಕನ್ನಡವನ್ನು ತಡೆತಡೆದು ಓದುತ್ತಾನೆ. ಅಜ್ಜನ ಹೆಸರನ್ನು ಬೆರಳಿಟ್ಟು ಓದಿ, ಹತ್ತು ಸಾವಿರ ರೂಪಾಯಿ ಕೊಡುತ್ತೇನೆಂದ. ಪುಸ್ತಕವನ್ನು ಏನು ಮಾಡುವೆಯೆಂದು ಕೇಳಿದೆ. ಆ ಒಂದು ಹಾಳೆಯನ್ನು ಬಿಡಿಸಿ, ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕುವ ಯೋಚನೆ ಅವನದು.

ವಾಚಕರೇ, ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹಾಳೆ ಬಿಡಿಸುವ ಮಾತು ಒಂದು ಕಡೆ. ಆದರೆ ಅದಕ್ಕಿಂತ ಕಠಿಣವಾದ ಪ್ರಶ್ನೆ ಬೇರೆ ಇತ್ತು. ನಾನು ಅದನ್ನು ಕದ್ದಿಲ್ಲ. ಹಣ ಕೊಟ್ಟು ಕೊಂಡಿದ್ದೇನೆ. ಗೆದ್ದಲಿನಿಂದ ಇಪ್ಪತ್ತನಾಲ್ಕು ವರ್ಷ ಕಾಪಾಡಿದ್ದೇನೆ. ನಾನು ಕೊಳ್ಳದಿದ್ದರೆ ಅದು ಎಂದೋ ಕಿರಾಣಿ ಅಂಗಡಿಯ ಪುಡಿಕೆಯಾಗುತ್ತಿತ್ತು. ಇಷ್ಟಾದರೂ, ಹೆಸರು ಬರೆದು ಕೊಟ್ಟ ವಸ್ತು ಆ ಹೆಸರಿನವರ ಮನೆಗೆ ಸಲ್ಲಬೇಕಲ್ಲವೇ? ಹಾಗೆಂದುಕೊಂಡರೆ ನನ್ನ ಕಪಾಟಿನಲ್ಲಿ ನನ್ನದೆನ್ನುವ ಪುಸ್ತಕಗಳು ಎಷ್ಟು ಉಳಿದಾವು? ಹುಡುಗನಿಗೆ ಒಂದು ವಾರದ ಅವಧಿ ಕೇಳಿ, ನಿಮ್ಮ ತಾಯಿಯವರನ್ನೊಮ್ಮೆ ವಿಚಾರಿಸೆಂದು ಹೇಳಿ ಕಳಿಸಿದೆ.

ನಾಲ್ಕನೆಯ ದಿನ ಆ ತಾಯಿಯೇ ಫೋನು ಮಾಡಿದರು. "ಸರ್, ಆ ಪುಸ್ತಕ ಮನಿಗೆ ಬರೋದು ಬ್ಯಾಡ್ರಿ. ನಿಮ್ಮಲ್ಲೇ ಇರ್ಲಿ." ಪುಸ್ತಕಗಳನ್ನು ರದ್ದಿಗೆ ಹಾಕಿದವರು ಅವರೇ. ತಂದೆ ತೀರಿಕೊಂಡಿದ್ದರು, ಮನೆಯ ಮಾಡು ಸೋರುತ್ತಿತ್ತು, ಗಂಡ ಹಾಸಿಗೆ ಹಿಡಿದಿದ್ದರು. ಅದರಲ್ಲಿ ಕೇಳಬೇಕಾದದ್ದೇನೂ ಇರಲಿಲ್ಲ. ನಾನು ಕೇಳಲೂ ಇಲ್ಲ. ಅವರಾಗಿಯೇ ಇನ್ನೊಂದು ಮಾತು ಹೇಳಿದರು. ಆ ಲೇಖಕರು ಬೆಂಗಳೂರು ಸೇರಿದ ಮೇಲೆ ಎರಡು ಕಾಗದ ಬಂದವಂತೆ, ಆಮೇಲೆ ಇಲ್ಲ. ತಂದೆಯವರು ಅವರ ಹೊಸ ಕಾದಂಬರಿ ಬಂದಾಗಲೆಲ್ಲ ಗ್ರಂಥಾಲಯದಿಂದ ತಂದು ಮೊದಲು ಮುನ್ನುಡಿಯನ್ನೇ ಓದುತ್ತಿದ್ದರಂತೆ. "ಆ ಪುಸ್ತಕ ಕಂಡ್ರ ಅಪ್ಪ ಟಪಾಲಿನವನ ಹಾದಿ ಕಾಯೋದು ಕಣ್ಣಮುಂದ ಬರ್ತದ್ರಿ. ಹುಡುಗಗ ಏನ್ ತಿಳೀತದ."

ಹಿಂದಿನ ಹಾಳೆಯಲ್ಲಿ ತಮ್ಮ ತಂದೆಯವರ ಕೈಬರಹದ ಲೆಕ್ಕವಿದೆ, ಅದನ್ನಾದರೂ ಒಮ್ಮೆ ನೋಡಿ ಹೋಗಿರೆಂದು ನಾನು ಹೇಳಿದೆ. ಡಿಸೆಂಬರಿನಲ್ಲಿ ಅವರು ಬಸ್ಸಿನಲ್ಲಿ ಹಾನಗಲ್ಲಿಗೆ ಬಂದರು. ನಾನು ಪುಸ್ತಕವನ್ನು ರುಜುವಿನ ಹಾಳೆಗೆ ತೆರೆದು ಕೊಟ್ಟೆ. ಅವರು ಅದರ ಮೇಲೊಮ್ಮೆ ಕಣ್ಣಾಡಿಸಿ, ಹಿಂದಿನಿಂದ ತೆರೆದರು. ಹಾಲಿನ ಲೆಕ್ಕವಿತ್ತು. "ಗೌಳ್ಯಾಗ ಇಷ್ಟು ಬಾಕಿ ಇತ್ತೇನ್ರಿ?" ಎಂದು ನಕ್ಕರು. ಕೆಳಗೆ ಶಾಯಿಯಲ್ಲಿ ಎರಡು ಸಾಲು ಬೇರೆಯಾಗಿ ಬರೆದಿದ್ದವು. 1958ರ ಆಗಸ್ಟ್ ತಿಂ­ಗಳ ಒಂದು ತಾರೀಖು, ಶುಕ್ರವಾರ, ನಸುಕಿನ ವೇಳೆ, ಹೆಣ್ಣು ಕೂಸು; ಸೂಲಗಿತ್ತಿಗೆ ಒಂದು ಸೀರೆ. ಅವರು ಅದನ್ನು ಎರಡು ಸಲ ಓದಿದರು. ಶಾಲೆಯ ದಾಖಲೆಯಲ್ಲಿ ಆಗಿನ ಎಲ್ಲ ಮಕ್ಕಳಂತೆ ಅವರೂ ಜೂನ್ ಒಂದಕ್ಕೆ ಹುಟ್ಟಿದವರು. ಶ್ರಾವಣದ ಒಂದು ಶುಕ್ರವಾರವೆಂದು ತಾಯಿ ಹೇಳುತ್ತಿದ್ದುದುಂಟು. ತಾರೀಖನ್ನು ಯಾರೂ ಹೇಳಿರಲಿಲ್ಲ. ಅರವತ್ತು ವರ್ಷ ತುಂಬಿದ ಮೇಲೆ, ಒಬ್ಬ ಅಪರಿಚಿತನ ಮನೆಯಲ್ಲಿ ಕುಳಿತು ಆಕೆ ತಮ್ಮ ಹುಟ್ಟಿದ ದಿನವನ್ನು ತಿಳಿದುಕೊಂಡರು. ನನ್ನ ಮಡದಿ ಒಳಗಿನಿಂದ ಚಹ ತಂದವಳು ಕಪ್ಪುಗಳನ್ನು ಕೆಳಗಿಡದೆ ಹಾಗೆಯೇ ನಿಂತಿದ್ದಳು.

ಅವರು ಕೇಳಲಿಲ್ಲ. ನಾನೇ ಪುಸ್ತಕವನ್ನು ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ ಕೈಗೆ ಕೊಟ್ಟೆ. ಯಾವ ಹಾಳೆಯನ್ನೂ ಬಿಡಿಸಬಾರದೆಂದು ಮಗನಿಗೆ ತಾಕೀತು ಮಾಡುವುದಾಗಿ ಹೇಳಿ ಹೊರಟರು. ಆ ರಾತ್ರಿ ಅಳಿಯನಿಗೆ ಸುದ್ದಿ ಮುಟ್ಟಿಸಿದೆ. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. "ಅದರ ಕಿಮ್ಮತ್ತು ನಿಮಗ ಗೊತ್ತಿತ್ತಲ್ರಿ ಮಾಮಾ?" ಎಂದ. ಗೊತ್ತಿತ್ತು ಎಂದೆ. "ಫೋಟೋನರ ತಗೊಂಡೀರಿಲ್ಲೊ?" ಎಂದ. ಎರಡೂ ಹಾಳೆಗಳದು ತೆಗೆದುಕೊಂಡಿದ್ದೆ.

ಇದರಿಂದ ನಾನು ಸಂಗ್ರಹಿಸುವುದನ್ನು ಬಿಟ್ಟೆನೆಂದು ತಿಳಿಯಬೇಡಿರಿ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಮೂರು ದಿನವೂ ಪುಸ್ತಕ ಮಳಿಗೆಗಳಲ್ಲಿ ಅಲೆದು ಐದು ಹೊಸ ರುಜುಗಳನ್ನು ಸಂಪಾದಿಸಿದೆ. ಈಗಿನ ಹುಡುಗರು ಲೇಖಕರ ರುಜುವಿಗಿಂತ ಅವರೊಡನೆ ನಿಂತು ಸೆಲ್ಫಿ ತೆಗೆಯಲು ಹಾತೊರೆಯುತ್ತಾರೆ. ಕೆಲವು ಪ್ರಕಾಶಕರು ಮುಂಗಡ ಹಣ ಕಟ್ಟಿದವರಿಗೆ ಲೇಖಕರು ಮೊದಲೇ ಸಹಿ ಹಾಕಿಟ್ಟ ಪ್ರತಿಗಳನ್ನು ಅಂಚೆಯಲ್ಲಿ ಕಳಿಸುತ್ತಾರೆ. ಅಮೆರಿಕೆಯ ಬರಿಯ ರುಜು ನಮ್ಮಲ್ಲಿಗೂ ಬಂದಿತು. ನನಗಂತೂ "ಯಾವ ಊರು?" ಎಂದು ಕೇಳಿಸಿಕೊಳ್ಳದೆ ರುಜು ಪಡೆದರೆ ಅರ್ಧ ಪಡೆದಂತೆ. ಬದಲಾದದ್ದು ಇಷ್ಟು: ಯಾರ ಹೆಸರು ಬರೆದಿದೆಯೋ ಅವರ ಮನೆಯವರ ವಿಳಾಸ ಗೊತ್ತಿದ್ದರೆ ಅದನ್ನೊಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಡುತ್ತಿದ್ದೇನೆ. ನನ್ನ ತರುವಾಯ ತಕ್ಕಡಿ ಬರುವ ಮುನ್ನ ಮಕ್ಕಳು ಚೀಟಿ ನೋಡಲಿ. ಇಲ್ಲಿಯವರೆಗೆ ಹನ್ನೊಂದು ಚೀಟಿಗಳಾಗಿವೆ.

ತಮ್ಮಲ್ಲಿ ಅನೇಕರ ಮನೆಗಳಲ್ಲಿ ಅಜ್ಜ ಅಜ್ಜಿಯರ ಕಾಲದ ಬೈಬಲ್ಲು ಇದ್ದೇ ಇರುತ್ತದೆ. ಅದರ ಮೊದಲ ಹಾಳೆಯಲ್ಲಿ ದೀಕ್ಷಾಸ್ನಾನದ, ಮದುವೆಯ, ಮರಣದ ತಾರೀಖುಗಳನ್ನು ಮೂರ್ನಾಲ್ಕು ತಲೆಮಾರಿನವರು ಮೂರ್ನಾಲ್ಕು ಬಣ್ಣದ ಶಾಯಿಯಲ್ಲಿ ಬರೆದಿರುತ್ತಾರೆ. ಹೊಸ ಬೈಬಲ್ಲು ಬಂದಿತೆಂದು ಹಳೆಯದನ್ನು ಅಟ್ಟಕ್ಕೆ ಹಾಕಿದ್ದರೆ ಒಮ್ಮೆ ಕೆಳಗಿಳಿಸಿರಿ. ಮಳೆಗಾಲ ಹತ್ತಿರ ಬಂದಿದೆ.

ಹಾಗೆ ಅಟ್ಟ ಹತ್ತಿದಾಗ, ಅದೇ ಟ್ರಂಕಿನ ತಳದಲ್ಲಿ ಉತ್ತಂಗಿಯವರ 'ಸರ್ವಜ್ಞನ ವಚನಗಳು' ಕಂಡರೆ ಹಕ್ಕುಗಳ ಪುಟವನ್ನು ನೋಡಿರಿ. 1924 ಎಂದಿದ್ದರೆ ದಯವಿಟ್ಟು ಸಭಾಪಾಲಕರ ಮೂಲಕ ನನಗೊಂದು ಮಾತು ತಿಳಿಸಿರಿ. ಪುಸ್ತಕವನ್ನು ಕೊಡಬೇಕಾಗಿಲ್ಲ, ಮಾರಬೇಕಾಗಿಯೂ ಇಲ್ಲ. ನಾನೇ ಬಸ್ಸು ಹತ್ತಿ ಬರುತ್ತೇನೆ. ಮೊದಲ ಹಾಳೆಯನ್ನೂ ಕೊನೆಯ ಹಾಳೆಯನ್ನೂ ನೋಡಿ, ಚಹ ಕೊಟ್ಟರೆ ಕುಡಿದು, ಸಂಜೆಯ ಬಸ್ಸಿಗೆ ಹಿಂದಿರುಗುತ್ತೇನೆ.